ಪಾಂಬಾರಿನ ದಂಡೆಯ ಮಕ್ಕಳು

ಹೊಸೂರಿನ ಕಾರ್ಖಾನೆಗಳನ್ನೂ ಗುಲಾಬಿ ತೋಟಗಳನ್ನೂ ಕಂಡ ಕನ್ನಡಿಗರು ಅಸಂಖ್ಯಾತರಾದರೂ, ಅದೇ ಕೃಷ್ಣಗಿರಿ ಜಿಲ್ಲೆಗೆ ಸೇರಿದ ಊತಂಗರೈಯನ್ನು ಬಲ್ಲವರು ವಿರಳ. 2024ರ ಡಿಸೆಂಬರಿನ ಆರಂಭದಲ್ಲಿ ಒಂದೇ ದಿನಕ್ಕೆ 50 ಸೆಂಟಿಮೀಟರಿನಷ್ಟು ಮಳೆ ಸುರಿದು, ರಸ್ತೆಯ ಬದಿಯಲ್ಲಿ ನಿಂತಿದ್ದ ವಾಹನಗಳೆಲ್ಲ ಕೊಚ್ಚಿಹೋದಾಗ ಆ ಹೆಸರನ್ನು ಪತ್ರಿಕೆಗಳಲ್ಲಿ ಓದಿದವರು ಕೆಲವರಿರಬಹುದು. ಕೃಷ್ಣಗಿರಿಯಿಂದ ತಿರುವಣ್ಣಾಮಲೈಯ ದಿಕ್ಕಿಗೆ ಹೊರಟ ಹೆದ್ದಾರಿಯು ಮಾವಿನ ತೋಪುಗಳನ್ನೂ ಬೋಳು ಬಂಡೆಗುಡ್ಡಗಳನ್ನೂ ಹಾದು ಈ ಪೇಟೆಯನ್ನು ಮುಟ್ಟುವುದು. ಇಲ್ಲಿ, ದಕ್ಷಿಣ ಪಿನಾಕಿನಿಯನ್ನು ಕೂಡುವ ಪಾಂಬಾರೆಂಬ ಹೊಳೆಗೆ ಕಟ್ಟಿದ ಅಣೆಕಟ್ಟಿನ ಬಳಿಯಲ್ಲಿ, ಶ್ರೀಲಂಕೆಯಿಂದ ಬಂದ ತಮಿಳರ ವಸತಿಯೊಂದುಂಟು.

1983ರ ಜುಲೈ ತಿಂಗಳಲ್ಲಿ ಕೊಲಂಬೊ ನಗರದಲ್ಲಿ ಹೊತ್ತಿಕೊಂಡು ದ್ವೀಪದ ಉದ್ದಗಲಕ್ಕೂ ಹಬ್ಬಿದ ತಮಿಳುವಿರೋಧಿ ಹಿಂಸೆಗೆ ಅಂಜಿ, ಅನಂತರ 1990ರಲ್ಲಿಯೂ 2006ರಲ್ಲಿಯೂ ಅಂತರ್ಯುದ್ಧವು ಮರುಕಳಿಸಿದಾಗ ಉಟ್ಟ ಬಟ್ಟೆಯಲ್ಲಿಯೇ ಹೊರಟು, ಮನ್ನಾರಿನ ತೀರದಿಂದ ದೋಣಿಗಳಲ್ಲಿ ರಾಮೇಶ್ವರದ ಕಡೆಗೆ ಬಂದಿಳಿದವರನ್ನು ಸರ್ಕಾರವು ಮಂಡಪದ ಶಿಬಿರದಲ್ಲಿ ನೋಂದಾಯಿಸಿ, ತಮಿಳುನಾಡಿನ ನಾನಾ ಜಿಲ್ಲೆಗಳ ನೂರಕ್ಕೂ ಮಿಕ್ಕ ಶಿಬಿರಗಳಿಗೆ ಹಂಚಿತು. ಭವಾನಿಸಾಗರದಲ್ಲಿ ಹೇಗೋ ಹಾಗೆಯೇ ಇಲ್ಲಿಯೂ ಅಣೆಕಟ್ಟಿನ ಮಗ್ಗುಲ ನೆಲವೇ ಅವರ ಪಾಲಿಗೆ ಬಂದಿತು.

ಸಮುದ್ರದ ಮೊರೆತವನ್ನು ಕೇಳಿ ಬೆಳೆದ ಮಗುವೊಂದು ಈ ಕಲ್ಲುನಾಡಿಗೆ ಬಂದು ಹೊಂದಿಕೊಂಡ ಬಗೆಯನ್ನು ಊಹಿಸಿ ನೋಡಬೇಕು. ಭಾಷೆಯ ತೊಡಕು ಇರಲಾರದೆಂದು ದೂರದವರಿಗೆ ತೋರುವುದು ಸಹಜ. ಆದರೆ ಆ ಮಗುವಿನ ಬಾಯಲ್ಲಿದ್ದ ದ್ವೀಪದ ತಮಿಳಿಗೂ ಶಾಲೆಯ ಸಹಪಾಠಿಗಳ ತಮಿಳಿಗೂ ಉಚ್ಚಾರದಲ್ಲಿ, ಬಂಧುವಾಚಕಗಳಲ್ಲಿ, ನಿತ್ಯದ ಮಾತಿನ ಧಾಟಿಯಲ್ಲಿಯೇ ಅಂತರವುಂಟು. ತಾಯಿಯ ತಾಯಿಯನ್ನು ಅಮ್ಮಮ್ಮಾ ಎಂದು ಕೂಗಿದ ಮಗುವಿಗೆ, ನೆರೆಯ ಮಕ್ಕಳು ಅದೇ ಮುದುಕಿಯನ್ನು ಪಾಟ್ಟಿ ಎನ್ನುವುದೇ ವಿಚಿತ್ರವಾಗಿ ಕೇಳಿಸಿರಬೇಕು. ಸಾಲದೆಂಬಂತೆ, ಇದೇ ಜಿಲ್ಲೆಯ ಹೊಸೂರು, ದೇಂಕಣಿಕೋಟೆ, ತಳಿಗಳ ಸಂತೆಗಳಲ್ಲಿ ತೆಲುಗೂ ಕನ್ನಡವೂ ತಮಿಳಿನೊಡನೆ ಹೆಣೆದುಕೊಂಡಿರುವುವು. ಮನೆಯೊಳಗೆ ತೆಂಗಿನ ಹಾಲಿನ ಸೊದಿ, ಪುಟ್ಟು, ಸಂಬಲ್. ಹೊರಗಿನ ಹೊಲಗಳಲ್ಲಿ ರಾಗಿ, ಬಡವರ ತಟ್ಟೆಯಲ್ಲಿ ಅದರದೇ ಮುದ್ದೆ. ಮಕ್ಕಳಾದರೋ ಇವೆಲ್ಲವನ್ನೂ ತಮ್ಮದಾಗಿಸಿಕೊಂಡರು. ಅಂದು ಬಂದ ಮಕ್ಕಳೇ ಇಂದು ಮಕ್ಕಳ ತಾಯಿತಂದೆಗಳು. ಅಲ್ಲಿನ ಕಡಲನ್ನು ಕಣ್ಣಿನಿಂದ ಕಾಣದ ಮೂರನೆಯ ತಲೆಮಾರು ಈಗ ಶಾಲೆಗೆ ಹೋಗುತ್ತಿದೆ.

ಆ ಶಾಲೆಯ ಬಾಗಿಲು ಎಂದೆಂದೂ ತೆರೆದೇ ಇದ್ದಿತೆಂದಲ್ಲ. 1991ರ ಮೇ 21ರಂದು ಶ್ರೀಪೆರುಂಬುದೂರಿನಲ್ಲಿ ಶ್ರೀಲಂಕೆಯ ತಮಿಳು ಬಂಡುಕೋರರಿಂದ ರಾಜೀವ್ ಗಾಂಧಿಯವರ ಹತ್ಯೆಯಾದ ಬಳಿಕ, ಆ ಘೋರಕೃತ್ಯದಲ್ಲಿ ಯಾವ ಪಾತ್ರವೂ ಇಲ್ಲದ ಈ ಮಕ್ಕಳ ವಿದ್ಯಾಭ್ಯಾಸಕ್ಕೆ ಕೆಲವು ಕಾಲ ಅಡ್ಡಿಗಳೊದಗಿದುವು. ತಂದೆಯ ಕಾಲದಿಂದಲೂ ದ್ವೀಪದ ತಮಿಳರ ರಾಜಕಾರಣವನ್ನು ಕಂಡಿದ್ದ, ಆ ತಮಿಳರ ಧುರೀಣ ಎಸ್.ಜೆ.ವಿ. ಚೆಲ್ವನಾಯಗಂ ಅವರ ಪುತ್ರ ಎಸ್.ಸಿ. ಚಂದ್ರಹಾಸನ್ ಅವರು 1984ರಲ್ಲಿ ಸ್ಥಾಪಿಸಿದ ಈಳ ನಿರಾಶ್ರಿತರ ಪುನರ್ವಸತಿ ಸಂಸ್ಥೆಯು, ಓದೊಂದನ್ನು ಬಿಟ್ಟು ಈ ಜನರಿಗೆ ಕೈಯಲ್ಲಿ ಒಯ್ಯಬಹುದಾದ ಆಸ್ತಿಯಿಲ್ಲವೆಂಬ ನಂಬಿಕೆಯಿಂದ ಶಿಬಿರಗಳ ಮಕ್ಕಳನ್ನು ಕಾಲೇಜಿನವರೆಗೂ ಕೈಹಿಡಿದು ನಡೆಸಿತು. ಪದವಿ ಪಡೆದವರು ಅನೇಕರು. ಪದವಿ ಪಡೆದೂ ಕಡೆಗೆ ಕಟ್ಟಡಗಳಿಗೆ ಪೇಂಟಿಂಗ್ ಮಾಡುವ ದಿನಗೂಲಿಗೆ ತೆರಳಿದವರೂ ಕಡಿಮೆಯಲ್ಲ. ಸರ್ಕಾರಿ ನೌಕರಿಗೂ ವಿದೇಶಪ್ರಯಾಣಕ್ಕೂ ಬೇಕಾದ ಪೌರತ್ವವು ಅವರಿಗಿಲ್ಲ.

ಹತ್ತಡಿ ಉದ್ದ, ಹತ್ತಡಿ ಅಗಲದ ಒಂದೇ ಕೊಠಡಿಯಲ್ಲಿ ಒಂದು ಸಂಸಾರ, ನಿಯತಕಾಲಕ್ಕೆ ಅಧಿಕಾರಿಗಳೆದುರು ನಿಂತು ಕೊಡಬೇಕಾದ ಹಾಜರಿ: ಇದು ಶಿಬಿರಗಳ ಬದುಕಿನ ಬಹುಕಾಲದ ಕ್ರಮ. 2021ರಲ್ಲಿ ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ಅವರ ಸರ್ಕಾರವು ಇವುಗಳಿಗೆ ಪುನರ್ವಸತಿ ಶಿಬಿರಗಳೆಂದು ಹೆಸರನ್ನಿತ್ತು, 317 ಕೋಟಿ ರೂಪಾಯಿಗಳ ಯೋಜನೆಯೊಂದನ್ನು ಸಾರಿ, ರಾಜ್ಯದಾದ್ಯಂತ 7,469 ಮನೆಗಳನ್ನು ಕಟ್ಟಿಸುವ ಸಂಕಲ್ಪ ಮಾಡಿತು. ಪಕ್ಕಾ ಗೋಡೆಯ ಮನೆಯಲ್ಲಿ ಮಗುವು ದೀಪದಡಿ ಕುಳಿತು ಓದುವಂತಾಗುವುದು ಸಣ್ಣ ಸಂಗತಿಯೆಂದು ನಾನೆಣಿಸೆನು.

ಇಲ್ಲಿ ನಮ್ಮ ನಾಡಿನ ಉದಾಹರಣೆಯೊಂದನ್ನು ನೆನೆಯುವುದು ಉಚಿತ. 1964ರ ಅಕ್ಟೋಬರಿನಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರೂ ಶ್ರೀಲಂಕೆಯ ಪ್ರಧಾನಿ ಸಿರಿಮಾವೊ ಬಂಡಾರನಾಯಕೆಯವರೂ ಮಾಡಿಕೊಂಡ ಒಪ್ಪಂದದಂತೆ 5,25,000 ಮಂದಿ ತೋಟಕಾರ್ಮಿಕ ತಮಿಳರನ್ನು ಭಾರತವು ಪ್ರಜೆಗಳೆಂದು ಅಂಗೀಕರಿಸಲೊಪ್ಪಿತು. ಹಾಗೆ ಬಂದವರಲ್ಲಿ ಕೆಲವರು ಸುಳ್ಯ ಪುತ್ತೂರುಗಳ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ನೆಲೆಸಿದರು, ಅವರ ಮಕ್ಕಳು ಕನ್ನಡ ಶಾಲೆಗಳಲ್ಲಿ ಓದಿ ಕನ್ನಡಿಗರೇ ಆದರು. ದೋಣಿಯಲ್ಲಿ ಬಂದವರಲ್ಲಿಯೂ ಹಲವರು ಶ್ರೀಲಂಕೆಯ ಅದೇ ಟೀ ತೋಟಗಳ ಕೂಲಿಗಳ ಸಂತತಿ, ಬ್ರಿಟಿಷರ ಕಾಲದಲ್ಲಿ ತಮಿಳು ನೆಲದಿಂದಲೇ ಹಡಗೇರಿದವರ ಮರಿಮಕ್ಕಳು. ಒಪ್ಪಂದದ ಪಟ್ಟಿಯಲ್ಲಿದ್ದು ಬಂದವರು ಪ್ರಜೆಗಳಾದರು. ಪ್ರಾಣಭಯದಿಂದ ಬಂದವರು ಇಂದಿಗೂ ನಿರಾಶ್ರಿತರು. ಈ ಭೇದಕ್ಕೆ ನ್ಯಾಯವಾದ ಕಾರಣವು ನನಗೆ ಗೋಚರಿಸದು.

ಪೌರತ್ವ ಕಾಯಿದೆಯ ಪ್ರಕಾರ 1987ರ ಜುಲೈ 1ಕ್ಕೆ ಮುಂಚೆ ಈ ನೆಲದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳು. ಅನಂತರ ಹುಟ್ಟಿದವರಿಗೆ ತಾಯಿತಂದೆಗಳಲ್ಲೊಬ್ಬರಾದರೂ ಭಾರತೀಯರಾಗಿರಬೇಕು. 2004ರ ಡಿಸೆಂಬರಿನಿಂದೀಚೆಗೆ ನಿಯಮವು ಇನ್ನೂ ಬಿಗಿಯಾಯಿತು. ನೆರೆನಾಡುಗಳಿಂದ ಬಂದ ಕೆಲವರಿಗೆ ಪೌರತ್ವದ ದಾರಿ ತೆರೆದ 2019ರ ತಿದ್ದುಪಡಿಯಲ್ಲಿ ಶ್ರೀಲಂಕೆಯ ಹೆಸರಿಲ್ಲ. 2015ರ ಜನವರಿ 9ರವರೆಗೆ ಬಂದು ನೋಂದಾಯಿಸಿಕೊಂಡ ಶ್ರೀಲಂಕೆಯ ತಮಿಳರಿಗೆ, ಪ್ರಯಾಣದ ದಾಖಲೆಗಳಿಲ್ಲದುದಕ್ಕಾಗಿ ವಿಧಿಸುವ ದಂಡನೆಯಿಂದ ವಿನಾಯಿತಿ ನೀಡಿ ಕೇಂದ್ರ ಸರ್ಕಾರವು 2025ರಲ್ಲಿ ಹೊರಡಿಸಿದ ಆದೇಶವು ಅವರ ಭಯವನ್ನು ತಗ್ಗಿಸಿತೇ ಹೊರತು ಪೌರತ್ವವನ್ನು ನೀಡಲಿಲ್ಲ. 1986ರಲ್ಲಿ ಮಂಡಪದ ಶಿಬಿರದಲ್ಲಿ ಹುಟ್ಟಿದ ಮಹಿಳೆಯೊಬ್ಬರು ಮದರಾಸು ಉಚ್ಚ ನ್ಯಾಯಾಲಯದ ಮೊರೆಹೊಕ್ಕು, 2022ರಲ್ಲಿ ಅನುಕೂಲವಾದ ತೀರ್ಪನ್ನು ಪಡೆದು, 2024ರ ಲೋಕಸಭಾ ಚುನಾವಣೆಯಲ್ಲಿ ಪ್ರಥಮ ಬಾರಿಗೆ ಮತವಿತ್ತರು. 1987ರ ಜುಲೈ 1ರಿಂದೀಚೆಗೆ ಹುಟ್ಟಿದವರಿಗೆ ಆ ದಾರಿಯೂ ಮುಚ್ಚಿದೆ. ಪಾಂಬಾರಿನ ದಂಡೆಯಲ್ಲಿ ಇಂದು ಪುಸ್ತಕ ಹೊತ್ತು ನಡೆವ ಮಕ್ಕಳೆಲ್ಲರೂ ಅನಂತರ ಹುಟ್ಟಿದವರೇ ಆದುದರಿಂದ, ನ್ಯಾಯಾಲಯವಲ್ಲ, ಸಂಸತ್ತೇ ಅವರಿಗಾಗಿ ಕಾಯಿದೆಯನ್ನು ತಿದ್ದಬೇಕು.