ತಲೆ ಭಾರವಾದರೆ ಬೀರು ಬಿತ್ತು!

ಎಣ್ಣೆ ಡಬ್ಬ ಕೆಳಗೆ, ಊದುಬತ್ತಿ ಕಟ್ಟು ಮೇಲೆ. ಇದನ್ನು ಕಿರಾಣಿ ಅಂಗಡಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹಳೇ ಕಂಪ್ಯೂಟರ್ ಜೋಡಿಸುವವರಿಗೆ ಮಾತ್ರ ಹೇಳಬೇಕು ಸ್ವಾಮಿ!

ಅಮೆರಿಕದ ಡಿಜಿಟಲ್ ಕಂಪೆನಿ 1970ರಲ್ಲಿ ಪಿಡಿಪಿ-11 ಎಂಬ ಯಂತ್ರ ತಂದಿತು. ಕಂಪೆನಿ 1998ರಲ್ಲಿ ಕಾಂಪ್ಯಾಕ್ ಪಾಲಾಯಿತು. ಯಂತ್ರಗಳು ಮಾತ್ರ ಇಂದಿಗೂ ಮ್ಯೂಸಿಯಂಗಳಲ್ಲಿ, ಹವ್ಯಾಸಿಗಳ ಮನೆಗಳಲ್ಲಿ ಉಳಿದಿವೆ. ಅದಕ್ಕೆ ಜೋಡಿಸುವ ಆರ್‌ಕೆ05 ಡಿಸ್ಕ್ ಪೆಟ್ಟಿಗೆಯ ತೂಕ ಸುಮಾರು 50 ಕಿಲೋ. ಅರ್ಧ ಕ್ವಿಂಟಾಲ್! ಅದರಲ್ಲಿ ಹಿಡಿಸುವುದು ಎಷ್ಟು? ಸುಮಾರು 25 ಲಕ್ಷ ಅಕ್ಷರ. ಇವತ್ತಿನ ಫೋನಿನ ಒಂದು ಫೋಟೋ ಹಿಡಿದರೆ ಹೆಚ್ಚು.

ಇಂಥ ಪೆಟ್ಟಿಗೆಗಳನ್ನು 19 ಇಂಚು ಅಳತೆಯ ಕಬ್ಬಿಣದ ರ್‍ಯಾಕಿನಲ್ಲಿ, ಜಾರುಹಳಿಗಳ ಮೇಲೆ ಕೂರಿಸುತ್ತಾರೆ. ರಿಪೇರಿಗೆ ಮೇಜಿನ ಡ್ರಾಯರಿನಂತೆ ಮುಂದಕ್ಕೆ ಎಳೆಯಬಹುದು. ಗಂಡಾಂತರ ಇರೋದೇ ಅಲ್ಲಿ. ಎಳೆದ ಕೂಡಲೇ ಭಾರ ಮುಂದಕ್ಕೆ ಬರುತ್ತೆ. ತಳ ಗಟ್ಟಿಯಿಲ್ಲದಿದ್ದರೆ ಇಡೀ ರ್‍ಯಾಕೇ ಮುಗ್ಗರಿಸಿ ಎಳೆದವನ ಮೇಲೆ!

ಅದಕ್ಕೇ ಈ ಕಟ್ಟುಪಾಡು. ಭಾರದ್ದು ತಳಕ್ಕೆ, ಅದೂ ಮೊದಲು. ರ್‍ಯಾಕಿನ ಬುಡದ ಊರುಗಾಲನ್ನು ಮುಂದಕ್ಕೆ ಚಾಚಿ ನೆಲಕ್ಕೆ ಊರಬೇಕು. ಒಂದು ಸಲಕ್ಕೆ ಒಂದೇ ಪೆಟ್ಟಿಗೆ ಎಳೆಯಬೇಕು. ಮುಂದಿನ ತಿರುಪುಗಳನ್ನೇ ನಂಬಿ ನೇತುಹಾಕಕೂಡದು. ಹಳಿಯನ್ನು ಹಿಂದಿನ ಕಂಬಕ್ಕೂ ಬಿಗಿಯಬೇಕು. ಎತ್ತಲು ಇಬ್ಬರಾದರೂ ಬೇಕು. ‘ನಾನೊಬ್ನೇ ಸಾಕು’ ಅನ್ನುವವನನ್ನು ಹತ್ತಿರ ಸೇರಿಸಬೇಡಿ.

ಬಿದ್ದು ಒಡೆದರೆ ಹೊಸದು ಕೊಡಲು ಆ ಕಂಪೆನಿಯೇ ಇಲ್ಲ. ಇನ್ನು ಮುರಿದ ಸೊಂಟಕ್ಕೆ ಬಿಡಿಭಾಗ ಯಾವ ಅಂಗಡಿಯಲ್ಲಿ ಸಿಗುತ್ತೆ?