ಕಾರವಾರದಲ್ಲಿ ಕಡಲಿಗೆ ತಾಗಿದ ನ್ಯಾಷನಲ್ ಪಾರ್ಕ್ ಇದೆಯೇ? ಮಳೆಗಾಲದಲ್ಲೇ ಹೋಗಬೇಕೇ?

ಮುಂಗಾರು ಶುರುವಾಗುತ್ತಿದ್ದಂತೆ ವಾಟ್ಸಾಪ್ ಗ್ರೂಪುಗಳಲ್ಲಿ ಪ್ರವಾಸದ ಮೆಸೇಜುಗಳೂ ಶುರುವಾಗುತ್ತವೆ. ಕಾರವಾರ, ಅಂಕೋಲಾ ಕಡೆಯದು ಸಾಮಾನ್ಯವಾಗಿ ಹೀಗಿರುತ್ತದೆ: ಒಂದು ಕಡೆ ಬಂಡೆಗೆ ಬಡಿಯುವ ಅಲೆ, ಇನ್ನೊಂದು ಕಡೆ ಡೈನೋಸಾರ್ ಕಾಲದ ಮಳೆಕಾಡು, ಎರಡೂ ಒಂದೇ ರಾಷ್ಟ್ರೀಯ ಉದ್ಯಾನದಲ್ಲಿ, ಮಳೆಗಾಲದಲ್ಲೇ ನೋಡಬೇಕು. ಇದರಲ್ಲಿ ನಿಜವೂ ಇದೆ, ಸುಳ್ಳೂ ಇದೆ. ಕೊನೆಯ ಮಾತು ಮಾತ್ರ ಅಪಾಯದ್ದು.

ಮೊದಲು ಮ್ಯಾಪ್ ತೆಗೆದು ನೋಡೋಣ. ಕರ್ನಾಟಕದಲ್ಲಿರುವುದು ಐದು ರಾಷ್ಟ್ರೀಯ ಉದ್ಯಾನಗಳು: ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟ, ಕುದುರೆಮುಖ ಮತ್ತು ಅಣಶಿ. ಒಂದಕ್ಕೂ ಕಡಲ ತೀರವಿಲ್ಲ. ಮೆಸೇಜಿನಲ್ಲಿ ಹೇಳುವುದು ಅಣಶಿಯನ್ನೇ. ಅದಕ್ಕೆ ಕಾರವಾರದಿಂದ ಕದ್ರಾ ದಾಟಿ, ಘಟ್ಟ ಹತ್ತಿ, ಸುಮಾರು 50 ಕಿ.ಮೀ. ಹೋಗಬೇಕು. 2007ರಲ್ಲಿ ದಾಂಡೇಲಿ ಅಭಯಾರಣ್ಯದ ಜೊತೆ ಸೇರಿ ಅದು ಹುಲಿ ಮೀಸಲು ಪ್ರದೇಶವಾಯಿತು. 2015ರಿಂದ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಎಂಬ ಹೆಸರು. ಆ ಹೆಸರಿನ ನದಿಯೇ ಕಾಡನ್ನೂ ಕಡಲನ್ನೂ ಜೋಡಿಸುವುದು. ಜೊಯಿಡಾದ ದಿಗ್ಗಿ ಬಳಿ ಹುಟ್ಟುವ ಕಾಳಿ ಕಾರವಾರದಲ್ಲಿ ಸಮುದ್ರ ಸೇರುತ್ತದೆ. ಅಳಿವೆಯಲ್ಲಿ ಕಾಂಡ್ಲಾ ಕಾಡೂ ಇದೆ.

ಡೈನೋಸಾರ್ ಕಾಲದ ಮಾತು ಅರ್ಧ ಸರಿ. ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ಪಶ್ಚಿಮ ಕರಾವಳಿಯಿಂದ ಕಳಚಿಕೊಂಡಿತು. ಘಟ್ಟದ ಕೆಲವು ಕಪ್ಪೆಗಳ ವಂಶ ಅಷ್ಟು ಹಳೆಯದು. ಹಾಗಂತ ಇಂದು ಕಾಣುವ ಮರಗಳೆಲ್ಲ ಆಗಿನಿಂದ ನಿಂತಿವೆ ಎಂದಲ್ಲ. ಅಣಶಿಯ ಕರಿ ಚಿರತೆಯೂ ಬೇರೆ ಪ್ರಾಣಿಯಲ್ಲ. ಮಾಮೂಲಿ ಚಿರತೆಗೇ ಬಣ್ಣದ ಜೀನ್‌ನಿಂದಾಗಿ ಬಂದ ಕಪ್ಪು, ಬಿಸಿಲಲ್ಲಿ ನೋಡಿದರೆ ಚುಕ್ಕೆ ಕಾಣುತ್ತದೆ.

ಈಗ ಮಳೆಗಾಲದ ವಿಷಯ. ಕಡಲಿನಿಂದ ಬರುವ ತೇವದ ಗಾಳಿ ಘಟ್ಟಕ್ಕೆ ತಡೆದು ಮೇಲೇರುತ್ತದೆ, ತಣ್ಣಗಾಗಿ ಮಳೆಯಾಗುತ್ತದೆ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ನೀರು ಇಳಿದಷ್ಟೂ ಗುಡ್ಡದ ಮಣ್ಣು ಭಾರವಾಗುತ್ತದೆ, ಕಣಗಳ ನಡುವಿನ ಹಿಡಿತ ಸಡಿಲವಾಗುತ್ತದೆ. ರಸ್ತೆಗಾಗಿ ಬುಡ ಕಡಿದಿದ್ದರೆ ಆಸರೆಯೂ ಇರುವುದಿಲ್ಲ. ಮರಗಳಿರುವ ಗುಡ್ಡ ಕುಸಿಯುವುದಿಲ್ಲ ಎಂದು ಕೆಲವರು ವಾದಿಸುತ್ತಾರೆ. ಬೇರುಗಳು ಮೇಲ್ಮಣ್ಣನ್ನು ಹಿಡಿದಿಡುವುದು ನಿಜ, ಆದರೆ ಅದಕ್ಕಿಂತ ಆಳದಲ್ಲಿ ಜಾರಿದರೆ ಮರಗಳ ಸಮೇತ ಬರುತ್ತದೆ.

2024ರ ಜುಲೈ 16ರ ಬೆಳಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದ ಚಹಾ ಅಂಗಡಿ, ಅಲ್ಲಿ ನಿಂತಿದ್ದ ವಾಹನಗಳು ಎಲ್ಲವೂ ಕೊಚ್ಚಿಹೋದವು. ಮಣ್ಣು ಗಂಗಾವಳಿ ನದಿಗೆ ಬಿದ್ದ ರಭಸಕ್ಕೆ ನೀರು ಎದ್ದು ಎದುರು ದಡದ ಉಳುವರೆಯ ಮನೆಗಳಿಗೂ ನುಗ್ಗಿತು. ಒಂದು ಲಾರಿ ನದಿಯ ತಳದಲ್ಲಿ ಸಿಕ್ಕಿದ್ದು ಸೆಪ್ಟೆಂಬರ್ ಕೊನೆಯಲ್ಲಿ. ಅಣಶಿ ಘಟ್ಟದಲ್ಲೂ ಮಣ್ಣು ಜರಿದು ರಸ್ತೆ ಬಂದ್ ಆಗುವುದುಂಟು. ಹೋಗಲೇಬೇಕಾದರೆ, ಕಡಿದ ಗುಡ್ಡದ ಕೆಳಗೆ ಗಾಡಿ ನಿಲ್ಲಿಸಬೇಡಿ, ಚಹಾಕ್ಕಾಗಲಿ ಸೆಲ್ಫಿಗಾಗಲಿ. ಗುಡ್ಡದಿಂದ ಕೆಸರು ನೀರು ಹೊಸದಾಗಿ ಜಿನುಗುತ್ತಿದ್ದರೆ, ಮರ ಅಥವಾ ಕರೆಂಟ್ ಕಂಬ ವಾಲಿದ್ದರೆ ಅಲ್ಲಿಂದ ಹೊರಡಿ. ನಮ್ಮನ್ನು ಕೇಳಿದರೆ, ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಕಾಡು ಆಗಲೂ ಹಸಿರಾಗಿಯೇ ಇರುತ್ತದೆ, ಅದಕ್ಕೇ ಅದನ್ನು ನಿತ್ಯಹರಿದ್ವರ್ಣ ಎನ್ನುವುದು.

ಇನ್ನು ಬೀಚು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧವಿದೆ. ಮೀನು ಮರಿ ಮಾಡುವ ಕಾಲ ಎಂಬುದು ಮುಖ್ಯ ಕಾರಣ, ಆದರೆ ಕಡಲು ಹೇಗಿರುತ್ತದೆಂದು ಮೀನುಗಾರರಿಗೆ ಚೆನ್ನಾಗಿ ಗೊತ್ತು. ಅಲೆಗಳು ದಡಕ್ಕೆ ತಂದ ನೀರು ವಾಪಸ್ ಹೋಗಲು ಮರಳಿನ ದಿಬ್ಬಗಳ ನಡುವೆ ಕಿರಿದಾದ ದಾರಿ ಮಾಡಿಕೊಳ್ಳುತ್ತದೆ. ಇದೇ ರಿಪ್ ಕರೆಂಟ್. ಅಲ್ಲಿ ಅಲೆ ಕಡಿಮೆ ಒಡೆಯುವುದರಿಂದ ನೀರು ಶಾಂತವಾಗಿ, ಸ್ವಲ್ಪ ಗಾಢ ಬಣ್ಣದಲ್ಲಿ ಕಾಣುತ್ತದೆ. ಮಕ್ಕಳನ್ನು ಆಡಲು ಬಿಡಲು ಜನ ಆರಿಸುವುದು ಇಂಥ ಜಾಗವನ್ನೇ! ಅದರ ವೇಗ ಕೆಲವೊಮ್ಮೆ ಸೆಕೆಂಡಿಗೆ 2 ಮೀಟರ್ ದಾಟುತ್ತದೆ. ಒಳ್ಳೆಯ ಈಜುಗಾರರೂ ಎದುರು ಈಜಲಾರರು.

ಕಡಲು ಕೆಳಗೆ ಎಳೆಯುತ್ತದೆ ಎಂಬ ನಂಬಿಕೆ ತಪ್ಪು. ರಿಪ್ ಎಳೆಯುವುದು ಹೊರಕ್ಕೆ. ಜನ ಮುಳುಗುವುದು ದಡದ ಕಡೆಗೇ ಈಜಿ ಈಜಿ ಸುಸ್ತಾಗಿ. ಸಿಕ್ಕಿಬಿದ್ದರೆ ಮೊದಲು ತೇಲಿಕೊಂಡಿರಿ, ಕೈ ಎತ್ತಿ ಕೂಗಿ. ಸಾಧ್ಯವಾದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಂದು, ಆಮೇಲೆ ಅಲೆಗಳ ಜೊತೆ ದಡದತ್ತ ಬನ್ನಿ. ಗೆಳೆಯ ಸಿಕ್ಕಿಕೊಂಡಿದ್ದರೆ ಹಿಂದೆಯೇ ಹಾರಬೇಡಿ. ಜೀವರಕ್ಷಕರನ್ನು ಕರೆಯಿರಿ, 112ಕ್ಕೆ ಫೋನ್ ಮಾಡಿ, ಹಗ್ಗವನ್ನೋ ಮುಚ್ಚಳ ಬಿಗಿ ಮಾಡಿದ ಖಾಲಿ ನೀರಿನ ಕ್ಯಾನನ್ನೋ ಎಸೆಯಿರಿ. ಐದು ಲೀಟರ್ ಕ್ಯಾನ್ ಕೂಡ ಎದೆಗೆ ಅವಚಿಕೊಂಡರೆ ತೇಲಲು ಆಧಾರವಾಗುತ್ತದೆ.