ಹೊಲಕ್ಕೆ ಬಿದ್ದದ್ದು ಯಾವ ವಿಮಾನ?

ಪ್ರಶ್ನೆ: 2022ರಲ್ಲಿ ಪುಣೆ ಜಿಲ್ಲೆಯ ಇಂದಾಪುರದ ಹೊಲಕ್ಕೆ ಬಿದ್ದದ್ದು ಬೆಳೆಗೆ ಔಷಧಿ ಹೊಡೆಯುವ ವಿಮಾನವೇ?

ಉತ್ತರ: ಅಲ್ಲ. ಜುಲೈ 25ರಂದು ಕಡಬನವಾಡಿಯಲ್ಲಿ ಬಿದ್ದದ್ದು ಬಾರಾಮತಿಯಿಂದ ಹಾರಿದ್ದ ತರಬೇತಿ ವಿಮಾನ. ಪೈಲಟ್ ಸಣ್ಣಪುಟ್ಟ ಗಾಯಗಳೊಂದಿಗೆ ಪಾರಾದರು. ಔಷಧಿ ಹೊಡೆಯಲೆಂದೇ ಬೆಂಗಳೂರಿನ ಎಚ್‌ಎಎಲ್ ‘ಬಸಂತ್’ ಎಂಬ ವಿಮಾನ ಕಟ್ಟಿತ್ತು. ಅದರ ಸುಧಾರಿತ ಮಾದರಿ ಮೊದಲು ಹಾರಿದ್ದು 1972ರಲ್ಲಿ. ಇಂಥ ವಿಮಾನಗಳ ವಿನ್ಯಾಸವೇ ಅಪಘಾತವನ್ನು ಲೆಕ್ಕಕ್ಕೆ ಹಿಡಿದದ್ದು: ಮುಂದೆ ಎಂಜಿನ್, ಅದರ ಹಿಂದೆ ಔಷಧಿ ತೊಟ್ಟಿ, ಅದಕ್ಕೂ ಹಿಂದೆ ಎತ್ತರದಲ್ಲಿ ಪೈಲಟ್. ಮುಗ್ಗರಿಸಿದರೆ ಮೊದಲು ನಜ್ಜುಗುಜ್ಜಾಗುವುದು ಎಂಜಿನ್ನು, ತೊಟ್ಟಿ. ಇವುಗಳಿಗೆ ಮೇಲೇರುವಾಗಲೇ ಅಪಾಯ ಶುರು: ಹುಲ್ಲಿನ ರನ್‌ವೇ ಮಳೆಗೆ ನೆನೆದಿದ್ದರೆ ಚಕ್ರ ಹೂತು ಬೇಕಾದ ವೇಗ ಬರುವುದಿಲ್ಲ. ತೊಟ್ಟಿಯೂ ತುಂಬಿದ್ದರೆ ಕೇಳುವುದೇ ಬೇಡ. ಏರಿದ ಮೇಲೆ ಕರೆಂಟು ತಂತಿಗಳ ಕಾಟ. ಈಗ ಔಷಧಿ ಹೊಡೆಯುವ ಕೆಲಸಕ್ಕೆ ಡ್ರೋನ್ ಬಂದಿದೆ. ಅದಕ್ಕೂ ತಂತಿ ತಗಲುತ್ತದೆ, ಆದರೆ ಒಳಗೆ ಯಾರೂ ಕೂತಿರುವುದಿಲ್ಲ.